ಹಿಮದ ಮೇಲೆ ಜಾರಿದ ನಗು

ಗುಂಡಗಿನ ಮನುಷ್ಯನೊಬ್ಬ ಕಾಲುಜಾರಿ ಬಿದ್ದರೆ ನಮಗೇಕೆ ನಗು ಬರುತ್ತದೆ? ಬಿದ್ದವನಿಗೆ ನಿಜವಾಗಿ ಪೆಟ್ಟಾಗಿಲ್ಲವೆಂಬ ಭರವಸೆ ನಮಗಿರುತ್ತದೆ, ಅದಕ್ಕೇ. ಆ ಭರವಸೆ ಇಲ್ಲದಿದ್ದರೆ ತಾವೂ ನಗಲಾರಿರಿ, ನಾನೂ ನಗಲಾರೆ. ಅಮೆರಿಕದ ಯೂನಿವರ್ಸಲ್ ಸಂಸ್ಥೆ ಯುದ್ಧಕಾಲದಲ್ಲಿ, 1943ರಲ್ಲಿ, ಹೊರತಂದ ‘ಹಿಟ್ ದಿ ಐಸ್’ ಎಂಬ ಹಾಸ್ಯಚಿತ್ರವನ್ನು ನೆನೆದಾಗಲೆಲ್ಲ ನನಗೆ ಈ ಮಾತು ಹೊಳೆಯುತ್ತದೆ.

ಅಬಟ್ ಮತ್ತು ಕಾಸ್ಟೆಲೊ ಜೋಡಿಯ ಹೆಸರನ್ನು ತಾವು ಕೇಳಿರಬಹುದು. ಬಡ್ ಅಬಟ್ ಗದರಿಸುವವನು. ಲೂ ಕಾಸ್ಟೆಲೊ ಗದರಿಸಿಕೊಳ್ಳುವವನು. ರಂಗದ ಮೇಲೆ ಪಳಗಿ, ರೇಡಿಯೋದಲ್ಲಿ ಹೆಸರು ಮಾಡಿ ಸಿನಿಮಾಕ್ಕೆ ಬಂದವರು. 1942ರಲ್ಲಿ ಅಲ್ಲಿನ ಚಿತ್ರಮಂದಿರಗಳವರು ಹಣ ತರುವ ತಾರೆಯರ ಪಟ್ಟಿ ಮಾಡಿದಾಗ ಮೊದಲ ಸ್ಥಾನ ಈ ಇಬ್ಬರದೇ.

ಚಿತ್ರದ ಕಥೆ ತೆಳು. ಒಬ್ಬ ಕಳ್ಳ, ಬ್ಯಾಂಕು ದೋಚಿದ ಗುಮಾನಿ ತನ್ನ ಮೇಲೆ ಬರಬಾರದೆಂದು ರೋಗಿಯಂತೆ ನಟಿಸುತ್ತ ಆಸ್ಪತ್ರೆಯಲ್ಲಿ ಮಲಗಿರುತ್ತಾನೆ. ನಮ್ಮ ಜೋಡಿ ಬೀದಿಬದಿಯ ಫೋಟೋಗ್ರಾಫರುಗಳು. ಇಂಗ್ಲಿಷಿನಲ್ಲಿ ಗುಂಡು ಹೊಡೆಯುವುದಕ್ಕೂ ‘ಶೂಟ್’, ಫೋಟೋ ಹೊಡೆಯುವುದಕ್ಕೂ ‘ಶೂಟ್’. ಕಳ್ಳ ಇವರನ್ನು ಬಂದೂಕಿನವರೆಂದು ತಿಳಿಯುತ್ತಾನೆ. ಇವರು ಅವನನ್ನು ಫೋಟೋ ತೆಗೆಸಿಕೊಳ್ಳುವ ಗಿರಾಕಿಯೆಂದು ತಿಳಿಯುತ್ತಾರೆ. ಅಪವಾದ ಇವರ ತಲೆಗೆ ಬರುತ್ತದೆ. ಕಳ್ಳನೋ ‘ಚೇತರಿಸಿಕೊಳ್ಳಲು’ ಡಾಕ್ಟರು, ನರ್ಸುಗಳ ಸಮೇತ ಸನ್ ವ್ಯಾಲಿಯೆಂಬ ಹಿಮದೂರಿಗೆ ಹೊರಡುತ್ತಾನೆ. ಇವರೂ ಬೆನ್ನು ಹತ್ತುತ್ತಾರೆ. ನಡುವೆ ಹಾಡುಗಳು ಸ್ವಲ್ಪ ಹೆಚ್ಚೇ ಆದವು. ಆದರೆ ಕಾಸ್ಟೆಲೊ ಮಂಜುಗಡ್ಡೆಯ ಮೇಲೆ ಕಾಲಿಟ್ಟ ಕ್ಷಣದಿಂದ ಅದೆಲ್ಲ ಮರೆತುಹೋಗುತ್ತದೆ. ಕೊನೆಯಲ್ಲಿ ಸ್ಕೀ ಹಲಗೆಗಳ ಮೇಲೆ ಇಳಿಜಾರಿನುದ್ದಕ್ಕೂ ಓಡಾಟ, ಬೆನ್ನಟ್ಟಾಟ.

ಸನ್ ವ್ಯಾಲಿ ಕಟ್ಟುಕಥೆಯ ಊರಲ್ಲ. ಅಮೆರಿಕದ ಐಡಹೊ ಸಂಸ್ಥಾನದಲ್ಲಿ ಯೂನಿಯನ್ ಪೆಸಿಫಿಕ್ ರೈಲ್ವೆಯವರು ಅದನ್ನು ಕಟ್ಟಿಸಿ 1936ರ ಡಿಸೆಂಬರಿನಲ್ಲಿ ತೆರೆದರು. ಗುಡ್ಡ ಹತ್ತುವ ಶ್ರಮ ತಪ್ಪಲೆಂದು ತಂತಿಯಲ್ಲಿ ಕುರ್ಚಿ ತೂಗಿಬಿಟ್ಟು ಜನರನ್ನು ಮೇಲಕ್ಕೆ ಸಾಗಿಸುವ ಏರ್ಪಾಟನ್ನೂ ಅಲ್ಲಿ ಮಾಡಿದರು. ಅದನ್ನು ಯೋಚಿಸಿದ ಎಂಜಿನಿಯರಿಗೆ ಹಡಗಿಗೆ ಬಾಳೆಗೊನೆ ಏರಿಸುವ ಯಂತ್ರದ ಅನುಭವವಿತ್ತು. ಗೊನೆ ನೇತಾಡುವ ಕಡೆ ಮನುಷ್ಯ ಕೂತ, ಅಷ್ಟೆ!

ಯುದ್ಧ ಬಂತು, 1942ರ ಡಿಸೆಂಬರಿನಲ್ಲಿ ವಿಹಾರಧಾಮ ಬಾಗಿಲು ಹಾಕಿತು. 1943ರ ಜುಲೈನಲ್ಲಿ ಅದೇ ಕಟ್ಟಡಗಳಲ್ಲಿ ನೌಕಾದಳದ ಆಸ್ಪತ್ರೆ ಆರಂಭವಾಯಿತು. ಯುದ್ಧ ಮುಗಿಯುವುದರೊಳಗೆ 6 ಸಾವಿರಕ್ಕೂ ಮಿಕ್ಕಿ ನಾವಿಕರು ಅಲ್ಲಿ ಚೇತರಿಸಿಕೊಂಡರು. ಗಮನಿಸಿದಿರಾ? ಚಿತ್ರ ತೆರೆಕಂಡದ್ದೂ ಆ ಬೇಸಿಗೆಯಲ್ಲೇ. ತೆರೆಯ ಮೇಲೆ ಸುಳ್ಳು ರೋಗಿ ಹೋದ ಊರಿಗೆ, ನಿಜವಾದ ರೋಗಿಗಳು ಹೋಗುತ್ತಿದ್ದರು.

ಬಿದ್ದು ಬಿದ್ದು ನಗಿಸಿದ ಕಾಸ್ಟೆಲೊ ಎಲ್ಲಿದ್ದ? ಅವನೂ ಹಾಸಿಗೆಯಲ್ಲೇ. ಮಾರ್ಚಿನಲ್ಲಿ ಕೀಲುಗಳನ್ನು ಹಿಡಿದು ಹೃದಯಕ್ಕೂ ತಾಕುವ ರುಮ್ಯಾಟಿಕ್ ಜ್ವರ ಬಂದು ತಿಂಗಳುಗಟ್ಟಲೆ ಮಲಗಿದ್ದ. ಅವನಿಲ್ಲದೆ ಕಾರ್ಯಕ್ರಮ ನಡೆಸಲು ಅಬಟ್ ಒಪ್ಪಲಿಲ್ಲ.

ನವೆಂಬರ್ 4ರಂದು ಕಾಸ್ಟೆಲೊ ರೇಡಿಯೋಗೆ ಮರಳುವುದೆಂದು ಗೊತ್ತಾಯಿತು. ಅವನಿಗೆ ಇನ್ನೂ ವರ್ಷ ತುಂಬದ ಗಂಡುಮಗು. ಹುಟ್ಟುಹಬ್ಬಕ್ಕೆ ಎರಡೇ ದಿನ. ರಾತ್ರಿ ಮಗುವನ್ನು ಮಲಗಿಸಬೇಡ, ರೇಡಿಯೋದಲ್ಲಿ ತನ್ನ ದನಿ ಕೇಳಲಿ ಎಂದು ಹೆಂಡತಿಗೆ ಹೇಳಿ ಹೊರಟಿದ್ದನಂತೆ. ಆ ದಿನವೇ ಮನೆಯ ಈಜುಕೊಳದಲ್ಲಿ ಬಿದ್ದು ಮಗು ತೀರಿಕೊಂಡಿತು.

ಸುದ್ದಿ ತಿಳಿದ ಕಾಸ್ಟೆಲೊ ಮನೆಗೆ ಹೋದ. ಮತ್ತೆ ಸ್ಟುಡಿಯೋಗೆ ಬಂದ. ಮಗು ಎಲ್ಲಿದ್ದರೂ ತನ್ನ ದನಿ ಕೇಳಲಿ ಎಂಬುದು ಅವನ ಹಟ. ಅರ್ಧ ಗಂಟೆಯ ಕಾರ್ಯಕ್ರಮವನ್ನು ಪೂರ್ತಿ ನಡೆಸಿದ. ಮನೆಮನೆಗಳಲ್ಲಿ ಜನ ಎಂದಿನಂತೆ ನಕ್ಕರು. ಕಾರ್ಯಕ್ರಮ ಮುಗಿದ ಮೇಲೆ, ಯಾವಾಗಲೂ ಗದರಿಸುತ್ತಿದ್ದ ಅಬಟ್ ಒಬ್ಬನೇ ನಿಂತು, ಆ ದಿನ ನಡೆದುದನ್ನು ಸಭಿಕರಿಗೆ ತಿಳಿಸಿದ.