ಹಳೆಯ ಗಾಡಿಯ ಗೇರುಪೆಟ್ಟಿಗೆ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕನ್ನಡ ಪಂಡಿತರೆನಿಸಿಕೊಂಡವರು ಇಂತಹ ವೇದಿಕೆಯ ಮೇಲೆ ನಿಂತರೆ ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತು ಮಾತನಾಡುವರೆಂದು ತಾವು ನಿರೀಕ್ಷಿಸುವುದು ಸಹಜ. ನಾವಾದರೋ ಇಂದು ಮೋಟಾರು ಗಾಡಿಯೊಂದರ ಗೇರುಪೆಟ್ಟಿಗೆಯ ವಿಚಾರವನ್ನು ಅರಿಕೆಮಾಡಲು ಹೊರಟಿದ್ದೇವೆ. ವ್ಯಾಕರಣ ಕಲಿಸುವವರಿಗೆ ಯಂತ್ರದ ಗೊಡವೆಯೇಕೆ ಎಂದು ನಗಬೇಡಿ. ಕಳೆದ ಮಳೆಗಾಲಕ್ಕೆ ಮುಂಚೆ ವಾಸ್ಕೋದ ಒಂದು ತಗಡಿನ ಮಾಡಿನ ಕೆಳಗೆ ನಾವು ಕಂಡದ್ದು ನಮ್ಮ ವೃತ್ತಿಗೇ ಸೇರಿದ ಸಂಗತಿಯೆಂದು ತೋರಿದುದರಿಂದ ಈ ಸಾಹಸ.

ನಮಗೆ ಪರಿಚಿತರಾದ ನಿವೃತ್ತ ಉಪಾಧ್ಯಾಯಿನಿಯೊಬ್ಬರಿದ್ದಾರೆ, ಮನೆಮಾತು ಕೊಂಕಣಿ. ಅವರ ತಂದೆಯವರು ಕೊಂಡಿದ್ದ ಫೋಕ್ಸ್‌ವ್ಯಾಗನ್ ಬೀಟಲ್ ಗಾಡಿ ಇನ್ನೂ ಅಂಗಳದಲ್ಲಿದೆ. ಭಾರತದಲ್ಲಿ ವಿದೇಶೀ ಕಾರುಗಳ ಆಮದಿಗೆ ಬಿಗಿಯಾದ ಕಟ್ಟುಪಾಡಿದ್ದ ಕಾಲದಲ್ಲಿ, ಪೋರ್ಚುಗೀಸರ ಆಳ್ವಿಕೆಯಲ್ಲಿದ್ದ ಗೋವೆಗೆ ಐರೋಪ್ಯ ಕಾರುಗಳು ಬರುತ್ತಿದ್ದವು. 1961ರ ಡಿಸೆಂಬರ್ 19ರಂದು ಗೋವೆ ವಿಮೋಚನೆಗೊಂಡ ಮೇಲೆ ಗಾಡಿಗಳು ಇಲ್ಲಿಯೇ ಉಳಿದವು, ಬಿಡಿಭಾಗಗಳ ಹಾದಿ ಮಾತ್ರ ಮುಚ್ಚಿತು. ಮುಂದೆ ಒಬ್ಬೊಬ್ಬ ಮಿಸ್ತ್ರಿಯೂ ಸಿಕ್ಕಿದ್ದನ್ನು ಹೊಂದಿಸಿ ನಡೆಸಿದ.

ಈ ಗಾಡಿಗೂ ಹಾಗೆಯೇ ಆಗಿತ್ತು. ಹಲವು ವರ್ಷಗಳ ಹಿಂದೆ ಯಾವುದೋ ಕಾರ್ಯಾಗಾರದಲ್ಲಿ ಮೂಲದ ಗೇರುಪೆಟ್ಟಿಗೆಯನ್ನು ಕಳಚಿ ಬೇರೊಂದನ್ನು ಕೂರಿಸಿದ್ದರು. ಅಂದಿನಿಂದ ಗೇರು ತಾನಾಗಿ ಹಾರುವುದು, ಗಾಡಿಯೆಲ್ಲ ನಡುಗುವುದು. ಉಪಾಧ್ಯಾಯಿನಿಯವರ ಅಳಿಯ ಮಳೆ ಬೀಳುವುದರೊಳಗೆ ಅದನ್ನು ಗುಜರಿಗೆ ಹಾಕಿಬಿಡೋಣವೆಂದ. ಅವರಿಗೆ ಮನಸ್ಸು ಬಾರದು. 2021ರ ಜುಲೈಯಲ್ಲಿ ಹೊರಟ ಕೇಂದ್ರದ ನಿಯಮದಂತೆ ಐವತ್ತು ವರ್ಷ ಮೀರಿದ ಗಾಡಿಯನ್ನು ‘ವಿಂಟೇಜ್’ ಎಂದು ದಾಖಲಿಸಬಹುದು. ಆದರೆ ಅದು ಮೂಲರೂಪದಲ್ಲಿರಬೇಕು. ಚಾಸಿಸ್ಸು, ಮೈಕಟ್ಟು, ಇಂಜಿನ್ನು, ಇವುಗಳಲ್ಲಿ ಗಣನೀಯ ಮಾರ್ಪಾಡು ಸಲ್ಲದು. ಪರಕೀಯ ಗೇರುಪೆಟ್ಟಿಗೆಗಾಗಿ ಚಾಸಿಸ್ಸನ್ನು ಕೊಯ್ದು ಬೆಸೆದರೆ ಆ ಬಾಗಿಲೂ ಮುಚ್ಚಿದಂತೆಯೇ.

ಆಗ ನಮಗೆ ನೆನಪಾದವರು ನಮ್ಮ ಹತ್ತನೆಯ ತರಗತಿಯ ಹುಡುಗನೊಬ್ಬನ ಅಜ್ಜ. ಗದಗಿನ ಕಡೆಯಿಂದ ಎಳೆವಯಸ್ಸಿನಲ್ಲಿ ಬಂದು, ವಾಸ್ಕೋದಲ್ಲಿಯೇ ಕೂದಲು ನರೆಸಿದವರು. ಅಕ್ಷರ ಬಾರದು, ಈಗ ಕಣ್ಣೂ ಮಂಜು. ಕೆಲಸಕ್ಕೆ ಮೊಮ್ಮಗನ ಕಣ್ಣನ್ನು ಎರವಲು ಪಡೆಯುತ್ತಾರೆ. ‘ಚಾವಿ ಕೊಡ್ರಿ ಮಾಸ್ತರ’ ಎಂದರು. (ಈ ‘ಚಾವಿ’ಯೂ ಪೋರ್ಚುಗೀಸರಿಂದ ನಮಗೆ ಬಂದ ಶಬ್ದವೆಂಬುದನ್ನು ಪ್ರಾಸಂಗಿಕವಾಗಿ ಹೇಳಿಬಿಡುತ್ತೇವೆ, ಪಂಡಿತರ ಚಟ.)

ಬೀಟಲ್ ಗಾಡಿಯಲ್ಲಿ ಇಂಜಿನ್ನು ಹಿಂಬದಿಗಿದೆ. ಅದರ ಮುಂದೆ ಗೇರುಗಳೂ, ಚಕ್ರಗಳಿಗೆ ಶಕ್ತಿಯನ್ನು ಹಂಚುವ ಡಿಫರೆನ್ಷಿಯಲ್ಲೂ ಒಂದೇ ಪೆಟ್ಟಿಗೆಯೊಳಗಿವೆ. ಚಾಲಕನ ಕೈಯ ಗೇರುದಂಡದಿಂದ ಒಂದು ಉದ್ದನೆಯ ಸರಳು ಗಾಡಿಯ ನಡುಬೆನ್ನಿನೊಳಗೆ ಹಾದು ಆ ಪೆಟ್ಟಿಗೆಯನ್ನು ಸೇರುತ್ತದೆ. ಅಜ್ಜನವರು ಪೆಟ್ಟಿಗೆಯನ್ನು ಮುಟ್ಟಲಿಲ್ಲ. ಮೊದಲು ಹಿಂದಿನ ಸೀಟನ್ನೆತ್ತಿಸಿ, ಸರಳು ಸೇರುವೆಡೆಯ ಮುಚ್ಚಳ ತೆಗೆಸಿ, ಅಲ್ಲಿಯ ರಬ್ಬರಿನ ಕೊಂಡಿಯನ್ನು ಬೆರಳಿನಿಂದ ಅಲುಗಿಸಿದರು. ಅದು ಸವೆದಿದ್ದರೂ ಗೇರು ಹಾರುವುದುಂಟಂತೆ. ಅನೇಕರು ನಾಲ್ಕು ಕಾಸಿನ ಕೊಂಡಿಯನ್ನು ನೋಡದೆ ಇಡೀ ಪೆಟ್ಟಿಗೆಯನ್ನು ಬಿಚ್ಚಿ ಹಾಕುತ್ತಾರೆ. ಇಲ್ಲಿ ಕೊಂಡಿ ಗಟ್ಟಿಯಾಗಿಯೇ ಇತ್ತು.

ಅದೇ ಸೀಟಿನ ಕೆಳಗೆ, ನಡುಬೆನ್ನಿನ ಮೇಲೆ, ಚಾಸಿಸ್ಸಿನ ಅಂಕೆಯನ್ನು ಕೊರೆದಿರುತ್ತಾರೆ. ಹುಡುಗ ತುಕ್ಕನ್ನು ಒರೆಸಿ ಓದಿದ. ಗಾಡಿಯ ಕಾಗದಪತ್ರದಲ್ಲಿ 1961 ಎಂದಿತ್ತು. ಆ ಅಂಕೆಯನ್ನು ತಯಾರಿಕೆಯ ವರ್ಷವಾರು ಪಟ್ಟಿಯೊಡನೆ ಹೋಲಿಸಿದಾಗ, ಗಾಡಿ ಹುಟ್ಟಿದ್ದು 1960ರ ಆಗಸ್ಟಿಗಿಂತ ಹಿಂದೆ ಎಂದು ತಿಳಿಯಿತು. ಕೆಲವೇ ತಿಂಗಳ ಅಂತರ; ಆದರೆ ಎಲ್ಲ ಗುಟ್ಟೂ ಅಲ್ಲಿಯೇ. 1960ರ ಆಗಸ್ಟಿನಲ್ಲಿ ಬೀಟಲ್‌ಗೆ ಹೊಸ ಪೆಟ್ಟಿಗೆ ಬಂದಿತು: ಕವಚ ಒಂದೇ ಅಚ್ಚಿನದು, ಮುಂದಕ್ಕೆ ಹೋಗುವ ನಾಲ್ಕು ಗೇರುಗಳಿಗೂ ಸಿಂಕ್ರೋಮೆಶ್. ಅದಕ್ಕೆ ಹಿಂದಿನ ಡೀಲಕ್ಸ್ ಮಾದರಿಯ ಕವಚ ಬೇಳೆಯಂತೆ ಉದ್ದಕ್ಕೆ ಎರಡು ಹೋಳು, ಬೋಲ್ಟುಗಳಿಂದ ಬಿಗಿದದ್ದು; ಎರಡು, ಮೂರು, ನಾಲ್ಕನೆಯ ಗೇರುಗಳಿಗಷ್ಟೇ ಸಿಂಕ್ರೋಮೆಶ್.

ತಾಳೆಗರಿಯ ಪ್ರತಿಗಳನ್ನು ಕಂಡವರಿಗೆ ಇದು ಹೊಸತಲ್ಲ. ಪ್ರತಿ ಮಾಡಿದವನು ಕೊನೆಯಲ್ಲಿ ಬರೆದ ತೇದಿ ಪ್ರತಿಯ ಕಾಲ, ಕೃತಿಯ ಕಾಲವಲ್ಲ. ನೋಂದಣಿಯ ವರ್ಷವನ್ನೇ ಹುಟ್ಟಿನ ವರ್ಷವೆಂದು ನಂಬಿ ಹಿಂದಿನವರು ಒಂದೇ ಅಚ್ಚಿನ ಹೊಸ ಪೆಟ್ಟಿಗೆಯನ್ನು ತುರುಕಿದ್ದರು. ಹಳೆಯ ಆಧಾರಗಳಿಗೆ ಅದು ಸರಿಯಾಗಿ ಕೂರದೆ ನಡುವೆ ಕಬ್ಬಿಣದ ಪಟ್ಟಿಗಳನ್ನು ಕೊಟ್ಟಿದ್ದರು. ನಡುಕದ ಕಾರಣ ತಿಳಿಯಿತು. ದೈವವಶಾತ್ ಚಾಸಿಸ್ಸನ್ನು ಕೊಯ್ದಿರಲಿಲ್ಲ.

ಇನ್ನು ಎರಡು ಹೋಳಿನದನ್ನು ಎಲ್ಲಿಂದ ತರುವುದು? ಮೂರು ವಾರ ಅಜ್ಜ ಮೊಮ್ಮಗ ಗುಜರಿಗಳನ್ನು ಸುತ್ತಿದರು. ಮಡಗಾಂವದ ಆಚೆ ಒಂದು ಸಿಕ್ಕಿತು. ಅಲ್ಯೂಮಿನಿಯಮ್ಮಿನ ರಾಶಿಯಲ್ಲಿ, ಕರಗಿಸಲು ಕಿಲೋ ಲೆಕ್ಕದಲ್ಲಿ ಮಾರಲಿದ್ದದ್ದು. ವಾಸ್ತವವಾಗಿ ಆ ಕವಚ ಮೆಗ್ನೀಸಿಯಮ್ ಮಿಶ್ರಲೋಹ. ಅದು ಹಗುರ, ಆದರೆ ಕಡಲಗಾಳಿಯ ಉಪ್ಪಿಗೆ ಬೇಗ ತುತ್ತಾಗುವುದು. ಹೊತ್ತಿಕೊಂಡರೆ ಕಣ್ಣು ಕೋರೈಸುವಂತೆ ಉರಿಯುವುದು, ನೀರೆರಚಿದರೆ ಇನ್ನೂ ಕೆರಳುವುದು. ಇದೇ ಗಾಡಿಯಿಂದ ಕಳಚಿದ್ದೋ ಎಂದು ನಾವು ಕೇಳಿದೆವು. ‘ಅದನ್ನ ಹ್ಯಾಂಗ ಹೇಳಾಕ ಬರ್ತದ್ರಿ? ಜಾತಿ ಅದ, ಸಾಕ್ರಿ’ ಎಂದರು. ತಿಳಿಯದುದನ್ನು ತಿಳಿದೆನೆನ್ನದ ಈ ಶೀಲ ನಮ್ಮ ಸಂಶೋಧಕರೆಲ್ಲರಲ್ಲಿಯೂ ಇದ್ದಿದ್ದರೆ ಎಷ್ಟೋ ಜಗಳಗಳು ತಪ್ಪುತ್ತಿದ್ದವು.

ಸೀಮೆಎಣ್ಣೆಯಲ್ಲಿ ತೊಳೆದು, ಬಿಚ್ಚಿದಾಗ ಹಲ್ಲುಗಳೆಲ್ಲ ಗಟ್ಟಿ. ಒಂದು ಬೇರಿಂಗು ಮಾತ್ರ ಹೊಂಡಬಿದ್ದಿತ್ತು. ಎರಡು ಹೋಳುಗಳನ್ನು ಜೋಡಿಯಾಗಿಯೇ ಕಡೆದಿರುವುದರಿಂದ ಒಂದರ ಹೋಳನ್ನು ಇನ್ನೊಂದಕ್ಕೆ ಕೂಡಿಸಲಾಗದು. ಪಿನಿಯನ್ನಿನ ಬಳಿ ಕೂದಲೆಳೆಯಂತಹ ಬಿಲ್ಲೆಗಳಿರುತ್ತವೆ. ಅವು ಆಯಾ ಪೆಟ್ಟಿಗೆಗೆಂದೇ ಅಳೆದು ಇಟ್ಟವು. ಅವನ್ನು ಕಳಚಿದ ಕ್ರಮದಲ್ಲಿಯೇ ಹುಡುಗ ಹಲಗೆಯ ಮೇಲೆ ಸಾಲಾಗಿಟ್ಟ. ಹೊಸ ಬೇರಿಂಗು, ಹೊಸ ಸೀಲುಗಳು ಬಂದವು. ಎಣ್ಣೆಯ ವಿಷಯದಲ್ಲಿ ಅಜ್ಜನವರು ಅತ್ಯಂತ ಕಟ್ಟುನಿಟ್ಟು: ತೊಂಬತ್ತರ ದಪ್ಪದ ಜಿಎಲ್-4 ಆಗಬೇಕು. ಹೆಚ್ಚು ಬಲದ್ದೆಂದು ಜಿಎಲ್-5 ಸುರಿದರೆ ಅದರೊಳಗಿನ ರಾಸಾಯನಿಕಗಳು ಹಳೆಯ ಸಿಂಕ್ರೋಮೆಶ್ ಬಳೆಗಳ ತಾಮ್ರಮಿಶ್ರಿತ ಲೋಹವನ್ನು ತಿನ್ನುವ ಭಯವುಂಟು. ಇದನ್ನು ಅವರು ಯಾವ ಪುಸ್ತಕದಲ್ಲಿಯೂ ಓದಿದವರಲ್ಲ. ಇಂತಹ ಎಣ್ಣೆಯಿಂದ ಕೆಟ್ಟ ಬಳೆಗಳನ್ನು ಕೈಯಲ್ಲಿ ಹಿಡಿದವರು.

ಜೂನ್ ಮೊದಲ ವಾರದಲ್ಲಿ, ಮೋಡ ಕವಿದಿದ್ದ ಒಂದು ಸಂಜೆ, ಗಾಡಿ ಹೊರಟಿತು. ಉಪಾಧ್ಯಾಯಿನಿಯವರೇ ಚಾಲಕರು. ಮೊದಲ ಗೇರಿಗೆ ಸಿಂಕ್ರೋಮೆಶ್ ಇಲ್ಲವಾದುದರಿಂದ ಪೂರ್ಣ ನಿಂತ ಮೇಲೆಯೇ ಅದನ್ನು ಹಾಕಬೇಕು. ಓಡುತ್ತಿರುವಾಗ ಹಾಕಬೇಕೆಂದರೆ ಕ್ಲಚ್ಚನ್ನು ಎರಡು ಸಲ ಒತ್ತಿ, ನಡುವೆ ಇಂಜಿನ್ನಿಗೆ ತುಸು ವೇಗ ಕೊಟ್ಟು, ಹಲ್ಲುಗಳ ಗತಿಯನ್ನು ಸಮಗೊಳಿಸಬೇಕು. ‘ಅಪ್ಪ ಹೀಗೆಯೇ ಮಾಡುತ್ತಿದ್ದರು, ಆ ಸದ್ದು ನೆನಪಿದೆ’ ಎಂದರು ಅವರು. ಮೊರ್ಮುಗೋವಿನ ಏರನ್ನು ಗಾಡಿ ನಡುಗದೆ ಹತ್ತಿತು. ಅಳಿಯನೂ ಹಿಂದಿನ ಸೀಟಿನಲ್ಲಿದ್ದ.

ಹುಡುಗನ ವಿಷಯ ಹೇಳಿ ಮುಗಿಸುತ್ತೇವೆ. ಪ್ರಬಂಧ ಬರೆಯೆಂದರೆ ಅರ್ಧ ಪುಟಕ್ಕೆ ನಿಲ್ಲುವ ಹುಡುಗ ಅವನು. ಅಜ್ಜ ಹೇಳಿದ್ದನ್ನು ಹೇಳಿದಂತೆಯೇ ಬರೆದು ತಾ ಎಂದೆವು. ನಲವತ್ತು ಪುಟದ ನೋಟುಪುಸ್ತಕ ತುಂಬಿಸಿ ತಂದಿದ್ದಾನೆ. ಕಾಗುಣಿತದ ತಪ್ಪುಗಳು ಹೇರಳ. ಆದರೆ ಹಲ್ಲು ಸವೆದ ಸದ್ದಿಗೊಂದು, ಬೇರಿಂಗು ಒಣಗಿದ ಸದ್ದಿಗೊಂದು, ಎಣ್ಣೆ ಸುಟ್ಟ ವಾಸನೆಗೊಂದು ಎಂದು ಅಜ್ಜನವರು ಬಳಸುವ ಶಬ್ದಗಳೆಲ್ಲ ಅದರಲ್ಲಿವೆ. ಕೆಂಪು ಮಸಿಯಿಂದ ತಿದ್ದಲು ನಮಗೆ ಕೈ ಬಂದಿಲ್ಲ. ಅಜ್ಜನವರ ಶೆಡ್ಡಿನ ಜಾಗವನ್ನು ಮಾಲೀಕರು ಬರುವ ವರ್ಷ ಬಿಡಿಸಿಕೊಳ್ಳುವರಂತೆ. ಕಳಚಿದ ಒಂದೇ ಅಚ್ಚಿನ ಪೆಟ್ಟಿಗೆಗೆ ಎಣ್ಣೆ ಸವರಿ, ಗೋಣಿಚೀಲದಲ್ಲಿ ಸುತ್ತಿ, ಅದರ ಅಂಕೆಯನ್ನು ಸುಣ್ಣದಕಡ್ಡಿಯಿಂದ ಮೇಲೆ ಬರೆಯಿಸಿ, ಸದ್ಯಕ್ಕೆ ಅಲ್ಲಿಯೇ ಅಟ್ಟದ ಮೇಲಿಟ್ಟಿದ್ದಾರೆ. ಯಾವ ಗಾಡಿಯವರಾದರೂ ಹುಡುಕಿಕೊಂಡು ಬಂದಾರೆಂದು.