ಕಾಗದದ ಮೇಲಿನ ಒಂದು ಸಾಲು



ಮುಂಬಯಿಯ ಶಿವಡಿಯಿಂದ ಅಟಲ್ ಸೇತುವೆ ಹಿಡಿದು ಖಾಡಿಯನ್ನು ದಾಟಿದರೆ ಆಚೆ ದಡದಲ್ಲಿರುವುದು ನ್ಹಾವಾ ಶೇವಾ ಬಂದರು. ಅದು ಕಾರ್ಯಾರಂಭ ಮಾಡಿದ್ದು 1989ರ ಮೇ ತಿಂಗಳಲ್ಲಿ. ಅದೇ ವರ್ಷದ ಮಾರ್ಚ್ 22ರಂದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ, ಅಪಾಯಕಾರಿ ತ್ಯಾಜ್ಯವು ದೇಶದಿಂದ ದೇಶಕ್ಕೆ ಸಾಗುವುದನ್ನು ನಿಯಂತ್ರಿಸುವ ಒಪ್ಪಂದ ಅಂಗೀಕೃತವಾಗಿತ್ತು. ಭಾರತ 1992ರಲ್ಲಿ ಅದನ್ನು ಅನುಮೋದಿಸಿತು. ಬಂದರಿಗೂ ಒಪ್ಪಂದಕ್ಕೂ ಒಂದೇ ವಯಸ್ಸು. ಹಾಗಿದ್ದೂ ಒಪ್ಪಂದವು ತಡೆಯಬೇಕಾಗಿದ್ದ ಸರಕೇ ಆ ಬಂದರಿನಲ್ಲಿ ಇಳಿಯಿತು. ಅದು ಹೇಗೆ ಸಾಧ್ಯವಾಯಿತೆಂಬುದು ಇಂದಿನ ವಿಚಾರ.

ಬಾಸೆಲ್ ಒಪ್ಪಂದದ ಹಿಂದೆ ಒಂದು ಹಡಗಿನ ಕಥೆಯಿದೆ. 1986ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದ ಕಸ ಸುಟ್ಟ ಬೂದಿಯನ್ನು, ಸುಮಾರು 14,000 ಟನ್ನುಗಳಷ್ಟನ್ನು, ಹೊತ್ತು ‘ಖಿಯಾನ್ ಸೀ’ ಎಂಬ ಹಡಗು ಹೊರಟಿತು. ಯಾವ ದೇಶವೂ ಅದನ್ನು ಬರಮಾಡಿಕೊಳ್ಳಲಿಲ್ಲ. ಕಡೆಗೆ ಗೊಬ್ಬರವೆಂಬ ಹೆಸರಿನಲ್ಲಿ ಸುಮಾರು 4,000 ಟನ್ನು ಬೂದಿಯನ್ನು ಹೈಟಿಯ ಕಡಲತೀರದಲ್ಲಿ ಸುರಿಯಲಾಯಿತು. ಉಳಿದದ್ದು ಸಮುದ್ರದ ಪಾಲಾಯಿತು. ಬೂದಿ ಬದಲಾಗಲಿಲ್ಲ, ಬದಲಾದದ್ದು ಅದರ ಹೆಸರು ಮಾತ್ರ. ಇಂಥ ವಂಚನೆ ಮರುಕಳಿಸಬಾರದೆಂದೇ ಒಪ್ಪಂದವು ಪೂರ್ವ ಸಮ್ಮತಿಯ ನಿಯಮವನ್ನು ತಂದಿತು: ಕಳುಹಿಸುವ ದೇಶವು ಮೊದಲು ತಿಳಿಸಬೇಕು, ಪಡೆಯುವ ದೇಶವು ಲಿಖಿತವಾಗಿ ಒಪ್ಪಬೇಕು, ಕಾನೂನುಬಾಹಿರವಾಗಿ ಬಂದುದನ್ನು ಕಳುಹಿಸಿದವರು ಹಿಂದಕ್ಕೆ ಕೊಂಡೊಯ್ಯಬೇಕು. ಅಮೆರಿಕವು ಇದಕ್ಕೆ ಸಹಿ ಹಾಕಿತಾದರೂ ಇಂದಿಗೂ ಅನುಮೋದಿಸಿಲ್ಲ. ಬಲಾಢ್ಯರು ಹೊರಗುಳಿದ ಸಹಕಾರ ಎಷ್ಟು ದೂರ ನಡೆದೀತೆಂಬ ಪ್ರಶ್ನೆಯನ್ನು ದೆಹಲಿಯೂ ಕೇಳಬೇಕು.

ಆದರೆ ನ್ಹಾವಾ ಶೇವಾದ ಪ್ರಕರಣದಲ್ಲಿ ಬೆರಳನ್ನು ಹೊರದೇಶದ ಕಡೆಗೆ ಮಾತ್ರ ತೋರಿಸಿ ಪಾರಾಗುವಂತಿಲ್ಲ. ಅಲ್ಲಿಗೆ 133 ಕಂಟೇನರುಗಳಲ್ಲಿ ತ್ಯಾಜ್ಯ ತೈಲ ಬಂದಿತ್ತು. ಕಾಗದಪತ್ರಗಳಲ್ಲಿ ಅದರ ಹೆಸರು ಕೀಲೆಣ್ಣೆ, ಅಂದರೆ ಲೂಬ್ರಿಕೇಟಿಂಗ್ ಆಯಿಲ್. ತರಿಸಿಕೊಂಡವರು ಇಲ್ಲಿಯ ಆಮದುದಾರರೇ. ರಿಸರ್ಚ್ ಫೌಂಡೇಶನ್ ಫಾರ್ ಸೈನ್ಸ್ ಎಂಬ ಸಂಸ್ಥೆ 1995ರಲ್ಲಿ ಹೂಡಿದ್ದ ಸಾರ್ವಜನಿಕ ಹಿತಾಸಕ್ತಿಯ ಮೊಕದ್ದಮೆಯಲ್ಲಿ ಈ ವಿಷಯವೂ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು. 2005ರ ಜನವರಿ 5ರಂದು ನ್ಯಾಯಾಲಯವು ತೈಲವನ್ನು ಸುರಕ್ಷಿತವಾಗಿ ದಹಿಸಬೇಕೆಂದೂ ಅದರ ವೆಚ್ಚವನ್ನು ಆಮದುದಾರರೇ ಭರಿಸಬೇಕೆಂದೂ ಆದೇಶಿಸಿತು. ಮಲಿನಗೊಳಿಸಿದವನೇ ತೆರಬೇಕೆಂಬುದು ಅದರ ತತ್ತ್ವ.

ಲೆಕ್ಕಶಾಸ್ತ್ರದ ಕಣ್ಣಿನಿಂದ ನೋಡಿದರೆ ಈ ತೀರ್ಪಿನ ಅರ್ಥ ಸರಳ. ತ್ಯಾಜ್ಯವನ್ನು ತಕ್ಕ ರೀತಿಯಲ್ಲಿ ನಾಶಪಡಿಸುವುದಕ್ಕೆ ಖರ್ಚಿದೆ. ಆ ಖರ್ಚನ್ನು ತಪ್ಪಿಸಿಕೊಂಡವನ ಪುಸ್ತಕದಲ್ಲಿ ಅದು ಲಾಭವಾಗಿ ಕಾಣಿಸುತ್ತದೆ. ಖರ್ಚು ಮಾತ್ರ ಎಲ್ಲಿಯೂ ಹೋಗಿರುವುದಿಲ್ಲ. ಉರಣದ ಬೆಸ್ತನ ಬಲೆಗೋ, ಗುಜರಿಯಲ್ಲಿ ದುಡಿಯುವ ಹುಡುಗನ ಶ್ವಾಸಕೋಶಕ್ಕೋ ವರ್ಗವಾಗಿರುತ್ತದೆ. ಅವರು ಯಾವ ಲೆಕ್ಕಪುಸ್ತಕದಲ್ಲಿಯೂ ಇಲ್ಲ.

ಹಾಗಾದರೆ ಒಪ್ಪಂದದ ಬಲ ಎಲ್ಲಿದೆ? ಜಿನೀವಾದ ಸಭಾಂಗಣದಲ್ಲಿ ಇರುವುದಕ್ಕಿಂತ ಹೆಚ್ಚಾಗಿ, ಸರಕಿನ ವಿವರಣೆ ಬರೆಯುವ ಆ ಒಂದು ಸಾಲಿನಲ್ಲಿದೆ. ಅದನ್ನು ಬರೆಯುವವರು ವರ್ತಕರು, ಅವರ ಗುಮಾಸ್ತರು, ಕಸ್ಟಮ್ಸ್ ದಲ್ಲಾಳಿಗಳು. ಆ ಮೇಲೆ ಅದೇ ಲೆಕ್ಕಕ್ಕೆ ಸಹಿ ಹಾಕುವವರು ಲೆಕ್ಕಪರಿಶೋಧಕರು. ಈ ವೃತ್ತಿಗಳಲ್ಲಿ ಜೈನ ಸಮಾಜದ ಮಂದಿ ಬಹಳವಿದ್ದಾರೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಅಚೌರ್ಯವ್ರತದ ಅತಿಚಾರಗಳನ್ನು ಎಣಿಸುವಾಗ ವಿರುದ್ಧರಾಜ್ಯಾತಿಕ್ರಮವನ್ನೂ ಪ್ರತಿರೂಪಕ ವ್ಯವಹಾರವನ್ನೂ ಹೆಸರಿಸಿದೆ. ರಾಜ್ಯದ ಕಟ್ಟಳೆಯನ್ನು ಮೀರಿ ವ್ಯಾಪಾರ ಮಾಡುವುದು ಮೊದಲನೆಯದು. ಒಂದು ವಸ್ತುವನ್ನು ಮತ್ತೊಂದೆಂದು ದಾಟಿಸುವುದು ಎರಡನೆಯದು. ತ್ಯಾಜ್ಯವನ್ನು ಕೀಲೆಣ್ಣೆಯೆಂದು ಬರೆದವನು ಎರಡನ್ನೂ ಒಂದೇ ಸಾಲಿನಲ್ಲಿ ಮಾಡಿದಂತಾಯಿತು.

ಇಲ್ಲಿ ಸಮಾಜವು ತನ್ನನ್ನೇ ಕೇಳಿಕೊಳ್ಳಬೇಕಾದುದೊಂದಿದೆ. ಬಸದಿಯ ಜೀರ್ಣೋದ್ಧಾರಕ್ಕೆ, ಪಂಚಕಲ್ಯಾಣಕ್ಕೆ ಕೊಟ್ಟ ಮೊತ್ತವನ್ನು ಅಮೃತಶಿಲೆಯ ಫಲಕದಲ್ಲಿ ಕೊರೆಸಲಾಗುತ್ತದೆ. ಆ ಹಣ ಯಾವ ವ್ಯವಹಾರದಿಂದ ಬಂದಿತೆಂದು ವಿಚಾರಿಸುವ ಪದ್ಧತಿ ಎಷ್ಟು ಟ್ರಸ್ಟುಗಳಲ್ಲಿದೆ? ಇರುಳೂಟವನ್ನು ಬಿಟ್ಟವನು, ನೀರನ್ನು ಸೋಸಿ ಕುಡಿಯುವವನು, ತನ್ನ ಗೋದಾಮಿನ ಪೀಪಾಯಿಗಳು ಯಾವ ಹಳ್ಳಕ್ಕೆ ಬರಿದಾಗುತ್ತವೆಂದು ನೋಡದಿದ್ದರೆ ಅವನ ಅಹಿಂಸೆ ಊಟದ ತಟ್ಟೆಯಲ್ಲಿಯೇ ಮುಗಿದುಹೋಗುತ್ತದೆ.

ಮುನಿಗಳಿಗೆ ಉತ್ಸರ್ಗ ಸಮಿತಿಯಿದೆ: ದೇಹಮಲವನ್ನೂ ಜೀವಜಂತುಗಳಿಲ್ಲದ ನೆಲವನ್ನು ನೋಡಿಯೇ ವಿಸರ್ಜಿಸಬೇಕು. ಬಾಸೆಲ್ ಒಪ್ಪಂದವು ದೇಶಗಳಿಂದ ಕೇಳುತ್ತಿರುವುದೂ ಸುಮಾರಾಗಿ ಅಷ್ಟನ್ನೇ. 2025ರ ಜನವರಿ 1ರಿಂದ ಎಲ್ಲ ಬಗೆಯ ವಿದ್ಯುನ್ಮಾನ ತ್ಯಾಜ್ಯಕ್ಕೂ ಪೂರ್ವ ಸಮ್ಮತಿ ಕಡ್ಡಾಯವಾಗಿದೆ. ಗೃಹಸ್ಥನ ಪಾಲಿನ ಕೆಲಸ ಚಿಕ್ಕದು. ಹಳೆಯ ಕಂಪ್ಯೂಟರು, ಬ್ಯಾಟರಿಗಳನ್ನು ಬೀದಿಯ ಗುಜರಿಯವನಿಗೆ ತೂಗಿ ಕೊಡದೆ ನೋಂದಾಯಿತ ಸಂಗ್ರಾಹಕರಿಗೆ ಕೊಡುವುದು. ವ್ಯಾಪಾರಿಯಾದರೆ ಸರಕಿಗೆ ಅದರ ನಿಜವಾದ ಹೆಸರನ್ನೇ ಬರೆಯುವುದು. ಲೆಕ್ಕಪರಿಶೋಧಕನಾದರೆ ಆ ಹೆಸರನ್ನು ಸರಕಿನೊಡನೆ ತಾಳೆ ನೋಡದೆ ಸಹಿ ಹಾಕದಿರುವುದು. ಟ್ರಸ್ಟಿಯಾದರೆ ಫಲಕಕ್ಕೆ ಮೊದಲು ಒಂದು ಪ್ರಶ್ನೆ ಕೇಳುವುದು. ಈ ಕೊನೆಯದರಿಂದ ಒಬ್ಬಿಬ್ಬರು ದಾನಿಗಳು ಮುನಿಸಿಕೊಳ್ಳಬಹುದು. ಬಸದಿಗಳು ಅದನ್ನು ತಾಳಿಕೊಳ್ಳಬಲ್ಲವು.

ಜಯ ಜಿನೇಂದ್ರ.