ಹಿಮದ ನಾಡಿನ ದ್ರಾಕ್ಷಿ ತೋಟಗಳಲ್ಲಿ ಸೈಕಲ್ ಪ್ರವಾಸ



ಪ್ರತಿ ಸಲವೂ ಬೀಜ, ಗೊಬ್ಬರ, ಔಷಧಿ ಎಂದು ಹೇಳುವ ನಾನು ಈ ದಿನ ನಿಮ್ಮನ್ನು ಸ್ವಲ್ಪ ದೂರ ಕರೆದುಕೊಂಡು ಹೋಗಬೇಕೆಂದಿದ್ದೇನೆ. ಹೋಗುವುದು ಸೈಕಲ್ಲಿನ ಮೇಲೆ. ಹೋಗುವ ಸ್ಥಳ ಸ್ವಿಟ್ಜರ್ಲೆಂಡ್ ದೇಶದ ವಾಲೆ. ಇದು ಕಿವಿಗೆ ಹಾಕುವ ವಾಲೆಯಲ್ಲ, ಆಲ್ಪ್ಸ್ ಪರ್ವತಗಳ ನಡುವೆ ಇರುವ ಒಂದು ಪ್ರಾಂತದ ಹೆಸರು. “ಬೆಟ್ಟ ನೋಡಿ ಬಂದವನ ಕಥೆಯಿಂದ ನಮಗೇನು ಲಾಭ ಸ್ವಾಮಿ?” ಅಂತ ನೀವು ಕೇಳಬಹುದು. ಕಡೆಯ ತನಕ ಕೇಳಿ. ಆಮೇಲೆ ನಿಮ್ಮ ಕೆರೆ ಏರಿಯ ಮೇಲೆ ಕುಳಿತು ನೀವೇ ತೀರ್ಮಾನ ಮಾಡಿ.

ನನ್ನ ಚಿಕ್ಕಪ್ಪನ ಮಗ ಆ ದೇಶದಲ್ಲಿ ಕೆಲಸದಲ್ಲಿದ್ದಾನೆ. “ದ್ರಾಕ್ಷಿ ಕೊಯ್ಲಿನ ಕಾಲಕ್ಕೆ ಬಾರಣ್ಣ, ಮೋಟಾರಿನಲ್ಲಿ ಬೇಡ, ಸೈಕಲ್ಲಿನಲ್ಲೇ ಸುತ್ತೋಣ” ಎಂದು ಕರೆದ. ಸೆಪ್ಟೆಂಬರ್ ತಿಂಗಳಲ್ಲಿ ರಜೆ ಹಾಕಿ ಹೋದೆ. ಎರಡು ಸೈಕಲ್ ಬಾಡಿಗೆಗೆ ಹಿಡಿದು ಆರು ದಿನ ಸುತ್ತಿದೆವು.

ಆ ಸೀಮೆಯನ್ನು ಮೊದಲು ಕಣ್ಣ ಮುಂದೆ ತಂದುಕೊಳ್ಳಿ. ನಡುವೆ ರೋನ್ ಎಂಬ ನದಿ. ಅದು ಹುಟ್ಟುವುದು ರೋನ್ ಹಿಮನದಿಯಲ್ಲಿ, ಅಂದರೆ ಬೆಟ್ಟದ ಮೇಲೆ ಶತಮಾನಗಳಿಂದ ಗಟ್ಟಿಯಾಗಿ ಕೂತ ಮಂಜುಗಡ್ಡೆಯಲ್ಲಿ. ನದಿಯ ಎರಡು ಕಡೆಗೂ ಬೆಟ್ಟದ ಸಾಲು. ಕೆಲವು ಶಿಖರಗಳು 4000 ಮೀಟರಿಗಿಂತ ಎತ್ತರ. ನಾವು ಸೈಕಲ್ ಹತ್ತಿದ್ದು ಓಬರ್‌ವಾಲ್ಡ್ ಎಂಬ ಊರಿನಲ್ಲಿ, ಸುಮಾರು 1370 ಮೀಟರ್ ಎತ್ತರದಲ್ಲಿ. ಇಳಿದದ್ದು ಮಾರ್ತಿನ್ಯಿ ಎಂಬ ಪಟ್ಟಣದಲ್ಲಿ, ಸುಮಾರು 470 ಮೀಟರಿನಲ್ಲಿ. ನದಿಯ ಪಕ್ಕದಲ್ಲೇ ಸೈಕಲ್ ದಾರಿ ಇದೆ. ತಿರುವು ತಿರುವಿಗೂ ಫಲಕವಿರುವುದರಿಂದ ದಾರಿ ಕೇಳುವ ಕೆಲಸವೇ ಇಲ್ಲ. ಮೇಲೆ ಜರ್ಮನ್ ಮಾತು, ಸಿಯೆರ್ ಊರಿನ ಹತ್ತಿರ ಒಂದು ಕಾಡು ದಾಟಿದರೆ ಫ್ರೆಂಚ್ ಮಾತು. ನಮ್ಮ ಗಡಿನಾಡಿನಲ್ಲಿ ಒಂದು ಹಳ್ಳಿ ಕನ್ನಡ, ಮುಂದಿನದು ತೆಲುಗು ಇದ್ದ ಹಾಗೆ.

ಹಿಮದ ನಾಡು ಎಂದ ಮೇಲೆ ನೀರಿಗೇನು ಬರ ಎಂದು ನಾನೂ ಎಣಿಸಿದ್ದೆ. ಅದು ತಪ್ಪು. ಸಹ್ಯಾದ್ರಿ ಮಳೆಯನ್ನು ತಡೆದು ನಮ್ಮ ಬಯಲು ಸೀಮೆ ಒಣಗುವುದಿಲ್ಲವೇ? ಅಲ್ಲಿಯೂ ಹಾಗೆಯೇ. ಎರಡು ಕಡೆಯ ಬೆಟ್ಟಗಳು ಮಳೆಯನ್ನು ತಡೆಯುತ್ತವೆ. ನಡು ಕಣಿವೆಯ ಸಿಯೋಂ ಪಟ್ಟಣದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ನಮ್ಮ ವಿಜಯಪುರದಲ್ಲಿ ಬೀಳುವಷ್ಟೇ ಅಂತ ಇಟ್ಟುಕೊಳ್ಳಿ. ಅದರ ಮೇಲೆ ಬೆಟ್ಟದಿಂದ ಇಳಿಯುವ ಬಿಸಿಗಾಳಿ ಬೇರೆ. ಇಷ್ಟಾದರೂ ಆ ದೇಶದ ದ್ರಾಕ್ಷಿ ತೋಟಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಇರುವುದು ಈ ಒಣ ಕಣಿವೆಯಲ್ಲಿಯೇ!

ಎರಡನೆಯ ದಿನ ಫಿಸ್ಪರ್‌ಟರ್ಮಿನೆನ್ ಎಂಬ ಹಳ್ಳಿಯ ಕಡೆಗೆ ಹತ್ತಿದೆವು. ಅರ್ಧ ದಾರಿಗೇ ನನಗೆ ಏದುಸಿರು ಬಂತು. ಇಳಿದು ಸೈಕಲ್ ತಳ್ಳಿಕೊಂಡು ಹೋದೆ. ತಳ್ಳಿಕೊಂಡು ಹೋದದ್ದೇ ಒಳ್ಳೆಯದಾಯಿತು, ನಿಧಾನವಾಗಿ ನೋಡಲು ಸಿಕ್ಕಿತು. ಇಲ್ಲಿ ದ್ರಾಕ್ಷಿ ತೋಟ 650 ಮೀಟರಿನಿಂದ 1150 ಮೀಟರಿನವರೆಗೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿದೆ. ಯೂರೋಪಿನ ಅತಿ ಎತ್ತರದ ದ್ರಾಕ್ಷಿ ತೋಟಗಳಲ್ಲಿ ಇದೂ ಒಂದು. ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರದ ಕಡೆ ನಾವು ಬಳ್ಳಿಯನ್ನು ಚಪ್ಪರಕ್ಕೆ ಹಬ್ಬಿಸುತ್ತೇವೆ. ಅಲ್ಲಿ ಗಿಡವನ್ನು ಗಿಡ್ಡವಾಗಿಯೇ ಸವರಿ ಗೂಟಕ್ಕೋ ತಂತಿಗೋ ಕಟ್ಟುತ್ತಾರೆ. ಪ್ರತಿ ಮೆಟ್ಟಿಲಿಗೂ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟ ಗೋಡೆ. ಹಗಲು ಬಿಸಿಲುಂಡ ಕಲ್ಲು ರಾತ್ರಿ ಗಿಡಕ್ಕೆ ಬಿಸಿ ಕೊಡುತ್ತದೆ.

ಈ ಮೆಟ್ಟಿಲುಗಳಿಗೆ ನೀರು ಬರುವುದು ಹೇಗೆ? ಇಲ್ಲಿದೆ ನೋಡಿ ನಾನು ಹೇಳಬೇಕಾದ ವಿಷಯ. ಮೇಲಿನ ಹಿಮದ ಹಳ್ಳಗಳಿಂದ ಬೆಟ್ಟದ ಮಗ್ಗುಲಲ್ಲೇ ಕಾಲುವೆ ತಂದಿದ್ದಾರೆ. ಫ್ರೆಂಚ್ ಮಾತಿನವರು ಅದನ್ನು ‘ಬಿಸ್’ ಎನ್ನುತ್ತಾರೆ. ಸಿಯೋಂ ಪಟ್ಟಣದ ಮೇಲ್ಗಡೆ ಇರುವ ಕ್ಲಾವೋ ಬಿಸ್ ತೋಡಿದ್ದು 1453ರಲ್ಲಿ. ಐದೂವರೆ ಶತಮಾನ ಕಳೆದರೂ ಏಳೆಂಟು ಕಿಲೋಮೀಟರ್ ಹರಿದು ಇಂದಿಗೂ ದ್ರಾಕ್ಷಿಗೆ ನೀರು ಕೊಡುತ್ತಿದೆ. ಅದರ ಪಕ್ಕದ ಕಾಲುದಾರಿಯಲ್ಲಿ, ಸೈಕಲ್ ಕೆಳಗೆ ಬಿಟ್ಟು, ನಾವೂ ನಡೆದೆವು. ಕೆಲವು ಕಡೆ ಅಗೆಯಲು ನೆಲವೇ ಇಲ್ಲ, ಬರೀ ಬಂಡೆ. ಅಂಥಲ್ಲಿ ಬಂಡೆಗೆ ಮರದ ತೊಲೆ ಬಡಿದು, ಹಲಗೆಯ ದೋಣಿಯನ್ನು ಗಾಳಿಯಲ್ಲೇ ತೂಗಿಬಿಟ್ಟು ನೀರು ಹರಿಸಿದರು. ಸಾವಿಯೇಸ್ ಊರಿನವರು 1430ರಿಂದ 1448ರವರೆಗೆ ಕಟ್ಟಿದ ಇಂಥ ಕಾಲುವೆಯನ್ನು 1935ರವರೆಗೆ ಬಳಸಿದರು. ಅದರ ಬದಲಿಗೆ ಬೆಟ್ಟದೊಳಗೆ ಸುರಂಗ ಕೊರೆದರು. ಆ ಹಲಗೆಗಳನ್ನು ರಿಪೇರಿ ಮಾಡುತ್ತ ಬಿದ್ದು ಸತ್ತವರಿದ್ದಾರೆ.

ಕಟ್ಟಿದ್ದಕ್ಕಿಂತ ದೊಡ್ಡ ಮಾತು ಕಾಯ್ದುಕೊಂಡದ್ದು. ಪ್ರತಿ ಕಾಲುವೆಗೂ ಒಬ್ಬ ಕಾವಲುಗಾರ. ಅವನು ರಾತ್ರಿಯೆಲ್ಲ ಎದ್ದಿರಲಾರ ತಾನೇ? ಅದಕ್ಕೊಂದು ಉಪಾಯ ಮಾಡಿದರು. ಕಾಲುವೆಯ ನೀರಿನಲ್ಲಿ ತಿರುಗುವ ಒಂದು ಸಣ್ಣ ಚಕ್ರ. ಚಕ್ರ ತಿರುಗಿದಂತೆಲ್ಲ ಒಂದು ಮರದ ಸುತ್ತಿಗೆ ಹಲಗೆಯ ಮೇಲೆ ಟಕ್ ಟಕ್ ಎಂದು ಬಡಿಯುತ್ತದೆ. ಸದ್ದು ಕೇಳುತ್ತಿದ್ದರೆ ನೀರು ಹರಿಯುತ್ತಿದೆ ಎಂದು ಅರ್ಥ. ಸದ್ದು ನಿಂತಿತೋ, ಮೇಲೆ ಎಲ್ಲೋ ಒಡೆದಿದೆ! ಕೂಡಲೇ ಗುದ್ದಲಿ ಹಿಡಿದು ಓಡಬೇಕು.

ನೀರಿನ ಸರದಿಗೂ ಕ್ರಮವಿತ್ತು. ಮೇಲಿನ ವಾಲೆಯ ಕಡೆ ಪ್ರತಿ ಮನೆತನಕ್ಕೂ ಒಂದು ಗುರುತು. ಮರದ ಕೋಲಿನ ಮೇಲೆ ಆ ಗುರುತು ಕೊರೆದು, ಅವರ ಪಾಲಿನ ನೀರಿಗೆ ತಕ್ಕಂತೆ ಕಚ್ಚು ಹಾಕುತ್ತಿದ್ದರು. ಓದು ಬಾರದವನೂ ತನ್ನ ಪಾಲು ಎಷ್ಟೆಂದು ಬೆರಳಿನಿಂದ ತಡವಿ ತಿಳಿಯಬಹುದಾಗಿತ್ತು. ವಸಂತ ಕಾಲದಲ್ಲಿ ಹೂಳು ತೆಗೆಯಲು ನೀರಿನ ಪಾಲುಳ್ಳ ಮನೆಯವರು ಕೂಡಿ ದುಡಿಯಬೇಕಾಗಿತ್ತು. ಈಗ ಅಲ್ಲಿಯೂ ತುಂತುರು, ಹನಿ ನೀರಾವರಿ ಬಂದಿವೆ. ಆದರೂ ಕಾಲುವೆಗಳನ್ನು ಬಿಟ್ಟಿಲ್ಲ. ಸ್ವಿಟ್ಜರ್ಲೆಂಡ್ ಸೇರಿ ಯೂರೋಪಿನ ಏಳು ದೇಶಗಳ ಇಂಥ ನೀರಾವರಿ ಪದ್ಧತಿಯನ್ನು 2023ರಲ್ಲಿ ಯುನೆಸ್ಕೊ ಸಂಸ್ಥೆ ಮಾನವ ಪರಂಪರೆಯ ಪಟ್ಟಿಗೆ ಸೇರಿಸಿತು.

ಒಂದು ತೋಟದಲ್ಲಿ ಮುದುಕರೊಬ್ಬರು ಬಿದ್ದ ಗೋಡೆ ಕಟ್ಟುತ್ತಿದ್ದರು. ನಾನೂ ಬೇಸಾಯದ ಇಲಾಖೆಯವನು ಎಂದು ತಿಳಿದು ಕುಳಿತು ಮಾತನಾಡಿದರು. ಕೊನೆಗೆ ಅವರು ಕೇಳಿದ್ದು ಒಂದೇ ಪ್ರಶ್ನೆ: “ನಿಮ್ಮ ಊರಿನಲ್ಲಿ ನೀರನ್ನು ಯಾರು ನೋಡಿಕೊಳ್ಳುತ್ತಾರೆ?”

ಬಂಧುಗಳೇ, ನನ್ನ ಬಾಯಿಂದ ಉತ್ತರ ಬರಲಿಲ್ಲ. ನಮ್ಮ ತಾತ ಊರಿನ ನೀರುಗಂಟಿ. ಮಳೆಯ ರಾತ್ರಿ ಲಾಟೀನು, ಗುದ್ದಲಿ ಹಿಡಿದು ಏರಿಯ ಮೇಲೆ ನಡೆಯುತ್ತಿದ್ದರು. ತೂಬು ಎತ್ತುವವರು ಅವರು, ಯಾರ ಗದ್ದೆಗೆ ಎಷ್ಟು ಹೊತ್ತು ಎಂದು ಹೇಳುವವರೂ ಅವರು. ಸುಗ್ಗಿಯಲ್ಲಿ ಕಣದಿಂದ ಅವರಿಗೆ ಧಾನ್ಯ ಬರುತ್ತಿತ್ತು. ತಾತ ಹೋದ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ. ಧಾನ್ಯ ಕೊಡುವುದೂ ನಿಂತಿತು. ಕೆರೆಗೆ ನೀರು ತರುವ ಕಾಲುವೆಯಲ್ಲಿ ಜಾಲಿ ಬೆಳೆಯಿತು, ಹೂಳು ತುಂಬಿತು. ಒಳ್ಳೆಯ ಮಳೆಯಾದ ವರ್ಷವೂ ಕೆರೆ ತುಂಬಲಿಲ್ಲ. ಎಲ್ಲರೂ ಕೊಳವೆ ಬಾವಿ ಕೊರೆಸಿದರು. ನಮ್ಮಪ್ಪ ಮೂರು ಕೊರೆಸಿದರು, ಮೂರೂ ಒಣಗಿದವು. ದ್ರಾಕ್ಷಿ ಚಪ್ಪರ ಕಿತ್ತು ಕಲ್ಲುಕಂಬ ಮಾರಿದ ದಿನ ಮನೆಯಲ್ಲಿ ಯಾರೂ ಮಾತನಾಡಲಿಲ್ಲ. ಸುತ್ತಿಗೆಯ ಸದ್ದು ನಿಂತು ಎಷ್ಟೋ ವರ್ಷವಾಗಿತ್ತು. ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ, ಅಷ್ಟೇ.

ಅಲ್ಲಿಯವರಿಗೆ ಕಷ್ಟವಿಲ್ಲ ಎಂದು ತಿಳಿಯಬೇಡಿ. 2022, 2023 ಈ ಎರಡೇ ವರ್ಷಗಳಲ್ಲಿ ಆ ದೇಶದ ಹಿಮನದಿಗಳ ಮಂಜು ನೂರಕ್ಕೆ ಹತ್ತರಷ್ಟು ಕರಗಿಹೋಯಿತು. ರೋನ್ ಕಣಿವೆಗೆ ಸೇರುವ ಲೋಚೆನ್ ಎಂಬ ಕಣಿವೆಯಲ್ಲಿ 2025ರ ಮೇ 28ರಂದು ಬಂಡೆ, ಮಂಜು ಒಟ್ಟಿಗೆ ಕುಸಿದು ಬ್ಲಾಟನ್ ಎಂಬ ಹಳ್ಳಿಯನ್ನು ಬಹುಪಾಲು ಹೂತುಹಾಕಿತು. ಆದರೆ ಬೆಟ್ಟದ ಮೇಲೆ ಕಣ್ಣಿಟ್ಟವರು ಮೊದಲೇ ಎಚ್ಚರಿಕೆ ಕೊಟ್ಟಿದ್ದರು. ಸುಮಾರು 300 ಜನರನ್ನೂ ದನಕರುಗಳನ್ನೂ ಒಂಬತ್ತು ದಿನ ಮುಂಚೆಯೇ ಸಾಗಿಸಿದ್ದರು. ಒಬ್ಬರು ಮಾತ್ರ ಸಿಕ್ಕಿ ಸತ್ತರು. ಮನೆಗಳು ಹೋದವು, ಊರಿನ ಜನ ಉಳಿದರು. ಕಾವಲಿನ ಬೆಲೆ ಇದು.

ಹಾಗಾದರೆ ನಾವು ಮಾಡಬೇಕಾದ್ದೇನು?

ಒಂದು: ಮುಂಗಾರಿಗೆ ಮೊದಲು ಊರಿನವರು ನಾಲ್ಕು ಜನ ಕೂಡಿ, ಕೆರೆಗೆ ನೀರು ಬರುವ ಕಾಲುವೆಯನ್ನು ಬುಡದಿಂದ ತುದಿಯವರೆಗೆ ನಡೆದು ನೋಡಿ. ಎಲ್ಲಿ ಹೂಳು, ಎಲ್ಲಿ ಜಾಲಿ, ಎಲ್ಲಿ ಒತ್ತುವರಿ ಎಂದು ಬರೆದು ಗ್ರಾಮ ಪಂಚಾಯಿತಿಗೆ ಕೊಡಿ. ಕೈಯಲ್ಲಿ ಆಗುವುದನ್ನು ಕೂಡಿ ಮಾಡಿ.

ಎರಡು: ನೀರು ನೋಡಿಕೊಳ್ಳಲು ಒಬ್ಬರನ್ನು ನೇಮಿಸಿ, ಜಾತಿ ನೋಡಿ ಅಲ್ಲ, ಕೆಲಸ ನೋಡಿ. ಅವರಿಗೆ ಕೊಡಬೇಕಾದ ಕೂಲಿಯನ್ನು ಮನೆಮನೆಯಿಂದ ತಪ್ಪದೆ ಕೊಡಿ. ಬಿಟ್ಟಿ ಕಾವಲು ಬಹಳ ದಿನ ನಿಲ್ಲುವುದಿಲ್ಲ. ಸರದಿಯ ಪಟ್ಟಿಯನ್ನು ಎಲ್ಲರಿಗೂ ಕಾಣುವ ಹಾಗೆ ಅರಳಿಕಟ್ಟೆಯ ಹತ್ತಿರ ಹಾಕಿ.

ಮೂರು: ಇಳಿಜಾರು ಹೊಲವುಳ್ಳವರು ಬದುವಿಗೆ ಕಲ್ಲು ಕಟ್ಟಿ. ಗಟ್ಟಿ ನೆಲ ಸಿಗುವ ತನಕ ಪಾಯ ಅಗೆದು ದೊಡ್ಡ ಕಲ್ಲು ಕೆಳಗಿಡಿ. ಗೋಡೆ ಏರಿದಂತೆ ಸ್ವಲ್ಪ ಹೊಲದ ಕಡೆಗೆ ವಾಲಿರಲಿ. ಅಲ್ಲಲ್ಲಿ ಉದ್ದ ಕಲ್ಲನ್ನು ಒಳಕ್ಕೆ ಚಾಚಿ ಕೂರಿಸಿ. ಹಿಂದೆ ಸಣ್ಣ ಕಲ್ಲು ತುಂಬಿ. ಗಾರೆ ಬೇಡ, ನೀರು ಸಂದಿಯಲ್ಲಿ ಸೋಸಿಹೋದರೆ ಗೋಡೆ ನಿಲ್ಲುತ್ತದೆ, ಮಣ್ಣು ಉಳಿಯುತ್ತದೆ.

ಸೈಕಲ್ ತುಳಿದು ಬಂದವನು ಇಷ್ಟೇ ತಂದದ್ದು. ಆ ಮುದುಕರ ಪ್ರಶ್ನೆಯನ್ನು ನಿಮ್ಮ ಮುಂದೆ ಇಟ್ಟಿದ್ದೇನೆ. ನಿಮ್ಮ ಊರಿನ ನೀರನ್ನು ಯಾರು ನೋಡಿಕೊಳ್ಳುತ್ತಾರೆ? ಈ ರಾತ್ರಿ ಊಟಕ್ಕೆ ಕುಳಿತಾಗ ಮನೆಯವರೆಲ್ಲ ಮಾತನಾಡಿ ನೋಡಿ.